ಅಚ್ಚಿನ ಮೊಳೆಯೂ ಗಣಕದ ಗೆರೆಯೂ

(ಸಂಘದ ತಿಂಗಳ ಕೂಟದಲ್ಲಿ ಮಾಡಿದ ಭಾಷಣ)



ಈ ವೇದಿಕೆಯ ಮೇಲೆ ನಿಂತು ಮಾತನಾಡಿದವರೆಲ್ಲ ವಿದ್ವಾಂಸರು, ಕವಿಗಳು, ಕಲಾವಿದರು. ನಾನಾದರೋ ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಒಬ್ಬ ಗುಮಾಸ್ತ, ಓದಿದ್ದು ಬಿ.ಕಾಂ. ಚಿತ್ರಕಲೆಯನ್ನು ಯಾವ ಶಾಲೆಯಲ್ಲಿಯೂ ಕಲಿತವನಲ್ಲ. ಹೀಗಿದ್ದೂ, “ಗಣಕಯಂತ್ರದ ಮೇಲೆ ಚಿತ್ರ ಬರೆಯುವ ಬಗೆಯನ್ನು ನಮ್ಮವರಿಗೆ ನಾಲ್ಕು ಮಾತಿನಲ್ಲಿ ತಿಳಿಸಿಕೊಡಿ” ಎಂದು ಕಾರ್ಯದರ್ಶಿಗಳು ಹೇಳಿದಾಗ ಇಲ್ಲವೆನ್ನಲಾಗಲಿಲ್ಲ. ಅದಕ್ಕೆ ಕಾರಣವೂ ಉಂಟು. ಕಳೆದ ವರ್ಷದ ರಾಜ್ಯೋತ್ಸವದಂದು ಇದೇ ಸಭಾಗೃಹದ ಗೋಡೆಯ ಮೇಲೆ ನಾನು ಬರೆದ ಕೆಲವು ಚಿತ್ರಗಳನ್ನು ತೂಗುಹಾಕಿದ್ದರು. ಅವುಗಳಲ್ಲಿ ಮೂರು ತಪ್ಪುಗಳಿದ್ದವು. ಬ್ಯಾಂಕಿನವನಿಗೆ ತಪ್ಪಿದ ಲೆಕ್ಕವನ್ನು ಸರಿಪಡಿಸದೆ ನಿದ್ದೆ ಬಾರದು. ಆ ಬಾಕಿಯನ್ನು ತೀರಿಸಲೆಂದೇ ಇಂದು ತಮ್ಮೆದುರು ನಿಂತಿದ್ದೇನೆ.

ಈ ಹವ್ಯಾಸ ನನಗೆ ಅಂಟಿದ ಬಗೆಯನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನನ್ನ ಮಗಳಿಗೆ ಏಳು ವರ್ಷ. ಡೊಂಬಿವಲಿಯ ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಒಂದು ದಿನ ಅವಳ ಪುಸ್ತಕದಲ್ಲಿ ಬೆರಳಚ್ಚು ಯಂತ್ರದ, ಅಂದರೆ ಟೈಪ್‌ರೈಟರಿನ, ಚಿತ್ರ ಬಂತು. “ನಿನ್ನ ಅಜ್ಜನ ಕಾಲದಲ್ಲಿ ಕನ್ನಡದ ಇಂಥ ಯಂತ್ರವೂ ಇತ್ತು” ಎಂದೆ. ಅವಳು ನಂಬಲಿಲ್ಲ. “ಕನ್ನಡಕ್ಕೂ ಮಿಶಿನ್ ಇತ್ತಾ ಅಪ್ಪಾ?” ಎಂದು ಕೇಳಿದಳು. ಮನೆಯಲ್ಲಿ ಆಡುವ ಭಾಷೆ, ಊರಿಗೆ ಹೋದಾಗ ಬಸ್ಸಿನ ಬೋರ್ಡಿನ ಮೇಲೆ ಕಾಣುವ ಭಾಷೆ, ಇಷ್ಟೆ ಅವಳ ಪಾಲಿನ ಕನ್ನಡ. ಕಚೇರಿ, ಕಾರ್ಖಾನೆ, ಯಂತ್ರ ಎಂದರೆ ಅದು ಇಂಗ್ಲಿಷಿನ ಆಸ್ತಿ. ಅವಳಿಗೆ ತೋರಿಸೋಣವೆಂದು ಚಿತ್ರ ಹುಡುಕಿದೆ. ಬೆರಳಚ್ಚು ಯಂತ್ರ, ಚಕ್ರಮುದ್ರಣ ಯಂತ್ರ, ಅಚ್ಚಿನ ಮೊಳೆಯ ಪೆಟ್ಟಿಗೆ, ಇವೆಲ್ಲದರ ಸಿದ್ಧಚಿತ್ರಗಳು ಸಾವಿರಾರು ಸಿಕ್ಕವು. ಆದರೆ ನಾನು ನೋಡಿದವುಗಳ ಮೇಲೆಲ್ಲ ಇಂಗ್ಲಿಷ್ ಅಕ್ಷರಗಳೇ. ಆಗ, ನಾವೇ ಬರೆದರೇನು ಎಂಬ ಯೋಚನೆ ಬಂತು.

ಆಗಲೇ ನನ್ನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಇನ್ನೊಬ್ಬರು ಬಳಸಿ ಬಿಟ್ಟದ್ದು. ಡೊಂಬಿವಲಿಯಿಂದ ಕೋಟೆಯ ಕಚೇರಿಗೆ ಹೋಗುವಾಗಿನ ಒಂದೂಕಾಲು ಗಂಟೆಯಲ್ಲಿ, ನಿಲ್ಲಲು ಜಾಗ ಸಿಕ್ಕ ದಿನ ಸಣ್ಣ ಪುಸ್ತಕದಲ್ಲಿ ಪೆನ್ಸಿಲಿನಿಂದ ಗೀಚುವುದು, ಭಾನುವಾರ ಅದನ್ನು ಗಣಕಕ್ಕೆ ಏರಿಸುವುದು, ಹೀಗೆ ಎಂಟು ತಿಂಗಳಲ್ಲಿ ಹನ್ನೆರಡು ಚಿತ್ರಗಳಾದವು. ಅವೇ ಕಳೆದ ವರ್ಷ ತಾವು ನೋಡಿದ ಚಿತ್ರಗಳು.

ಅಂದು ನಮ್ಮ ಸಂಘದ ಹಿರಿಯರೊಬ್ಬರು, ಮಿಲ್ಲಿನ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಟೈಪಿಸ್ಟರಾಗಿದ್ದವರು, ಚಿತ್ರಗಳ ಮುಂದೆ ಬಹಳ ಹೊತ್ತು ನಿಂತರು. ಹೊಗಳುತ್ತಾರೆಂದು ನಾನೂ ಹಿಂದೆ ಹೋಗಿ ನಿಂತೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: “ತಮ್ಮಾ, ನೆಟ್ಟಗೆ ನೋಡಿ ಬರೆಯಬೇಕಾದ್ದನ್ನು ಕನ್ನಡಿಯಲ್ಲಿ ನೋಡಿ ಬರೆದಿದ್ದೀಯ, ಕನ್ನಡಿಯಲ್ಲಿ ನೋಡಿ ಬರೆಯಬೇಕಾದ್ದನ್ನು ನೆಟ್ಟಗೆ ನೋಡಿ ಬರೆದಿದ್ದೀಯ.” ನನಗೆ ಅರ್ಥವಾಗಲಿಲ್ಲ. ಅವರು ಬೆರಳಿಟ್ಟು ತೋರಿಸಿದರು.

ಸಾಲು ಮುಗಿದಾಗ ಗಾಡಿಯನ್ನು ಹಿಂದಕ್ಕೆ ತಳ್ಳುವ ಸನ್ನೆ ಬೆರಳಚ್ಚು ಯಂತ್ರದ ಎಡಗಡೆ ಇರುತ್ತದೆ. ಎಡಗೈಯಿಂದ ತಳ್ಳಿದರೆ ಗಾಡಿ ಬಲಕ್ಕೆ ಸರಿದು ಹೊಸ ಸಾಲು ಮೊದಲಾಗುತ್ತದೆ. ನನ್ನ ಚಿತ್ರದಲ್ಲಿ ಅದು ಬಲಗಡೆ ಇತ್ತು. ಫಲಕದ ಮೇಲೆ ಅಂದವಾಗಿ ಕೂರಲೆಂದು ಇಡೀ ಚಿತ್ರವನ್ನು ಗಣಕದಲ್ಲಿ ಒಂದು ಗುಂಡಿಯೊತ್ತಿ ಮಗುಚಿಬಿಟ್ಟಿದ್ದೆ! ಇದು ಮೊದಲನೆಯ ತಪ್ಪು. ಎರಡನೆಯದು, ಅಚ್ಚಿನ ಮೊಳೆಯ ಮುಖದ ಮೇಲಿನ ಅಕ್ಷರವು ತಿರುಗುಮುರುಗಾಗಿರಬೇಕು. ಕಾಗದದ ಮೇಲೆ ಒತ್ತಿದಾಗಲೇ ಅದು ನೆಟ್ಟಗಾಗುವುದು. ನಾನು ಮೊಳೆಯ ಮೇಲೆಯೇ ನೆಟ್ಟಗಿನ ‘ಕ’ಕಾರ ಬರೆದಿದ್ದೆ. ಮೂರನೆಯದು ಇವೆರಡಕ್ಕಿಂತ ದೊಡ್ಡದು. ಕನ್ನಡ ಬೆರಳಚ್ಚು ಯಂತ್ರದ ಕೀಲಿಗಳ ಮೇಲೆ ನಾನು ಇಂದಿನ ಗಣಕದ ಕೀಲಿಮಣೆಯಂತೆ ಅಕ್ಷರಗಳನ್ನು ಹಂಚಿದ್ದೆ. ಅದರಲ್ಲಿ ಒತ್ತಕ್ಷರಗಳೇ ಇರಲಿಲ್ಲ. ಹಿರಿಯರು ನಕ್ಕು, “ಈ ಯಂತ್ರದಲ್ಲಿ ಅಮ್ಮ ಎಂದು ಹೊಡೆದರೆ ಅಮ ಎಂದು ಬರುತ್ತದೆ, ಅಪ್ಪ ಎಂದರೆ ಅಪ. ತಂದೆತಾಯಿ ಇಲ್ಲದ ಯಂತ್ರವಪ್ಪಾ ಇದು” ಎಂದರು. ಸುತ್ತ ನಿಂತವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹೋಗುವ ರೈಲಿನಲ್ಲಿ ನಗು ಬರಲಿಲ್ಲ.

ಆ ಮಾತಿನ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಣಕದಲ್ಲಿ ‘ಮ್’ ಆದಮೇಲೆ ‘ಮ’ ಒತ್ತಿದರೆ ಅದರೊಳಗಿನ ಅಕ್ಷರವಿನ್ಯಾಸವೇ ಎರಡನೆಯದನ್ನು ಒತ್ತಾಗಿ ಕೆಳಗಿಳಿಸುತ್ತದೆ. ಬೆರಳಚ್ಚು ಯಂತ್ರಕ್ಕೆ ಅಂಥ ಬುದ್ಧಿಯಿಲ್ಲ. ಅಲ್ಲಿ ಒತ್ತಕ್ಷರಗಳಿಗೆ ಬೇರೆಯೇ ಕೀಲಿಗಳು ಬೇಕು. ಕೆಲವು ಕೀಲಿಗಳು ಹೊಡೆದಾಗ ಗಾಡಿ ಮುಂದೆ ಸರಿಯಲೇಬಾರದು. ಸರಿದರೆ ಚಿಹ್ನೆ ಒಂದು ಕಡೆ, ಅಕ್ಷರ ಒಂದು ಕಡೆಯಾಗುತ್ತದೆ. ಇಂಗ್ಲಿಷಿಗಾಗಿ ಹುಟ್ಟಿದ ಯಂತ್ರದ ನಾಲ್ಕು ಸಾಲು ಕೀಲಿಗಳೊಳಗೆ ನಮ್ಮ ಸ್ವರ, ವ್ಯಂಜನ, ಗುಣಿತ, ಒತ್ತುಗಳನ್ನೆಲ್ಲ ಕೂರಿಸುವುದು ಸಣ್ಣ ಮಾತಲ್ಲ. ಆ ಕೀಲಿಮಣೆಯನ್ನು ರೂಪಿಸಿದ ಕೀರ್ತಿ ಕೆ. ಅನಂತಸುಬ್ಬರಾಯರದು. ಮುಂದೆ ಗಣಕದ ಕಾಲ ಬಂದಾಗ, ಒತ್ತಕ್ಷರಗಳಿಗೆ ಬೇರೆ ಕೀಲಿಯೇ ಬೇಡದ ಹಾಗೆ, ಉಚ್ಚಾರದ ಕ್ರಮದಲ್ಲೇ ಬರೆಯುವ ಸುಲಭವಾದ ಕೀಲಿಮಣೆಯನ್ನು ಕಟ್ಟಿಕೊಟ್ಟವರು ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ. ಪಿ. ರಾಯರು. ಅವರೂ ಒಂದು ಕಾಲಕ್ಕೆ ಈ ಮುಂಬಯಿಯಲ್ಲೇ ದುಡಿದವರೆಂಬುದು ನಮಗೆ ಹೆಮ್ಮೆಯ ವಿಷಯ. ಒಬ್ಬರ ಜಾಣ್ಮೆಯನ್ನು ಇನ್ನೊಬ್ಬರ ಯಂತ್ರದ ಮೇಲೆ ಅಂಟಿಸಿ ನಾನು ಇಬ್ಬರಿಗೂ ಅನ್ಯಾಯ ಮಾಡಿದ್ದೆ.

ಈಗ ಕಾರ್ಯದರ್ಶಿಗಳು ಹೇಳಿದ ವಿಷಯಕ್ಕೆ ಬರುತ್ತೇನೆ. ಗಣಕದ ಮೇಲೆ ಚಿತ್ರ ಬರೆಯುವುದು ಎರಡು ಬಗೆ. ಒಂದು ಚುಕ್ಕೆಯ ಚಿತ್ರ, ಇನ್ನೊಂದು ಗೆರೆಯ ಚಿತ್ರ. ನಮ್ಮ ಹೆಂಗಸರು ಅಂಗಳದಲ್ಲಿ ಇಡುವ ರಂಗವಲ್ಲಿಯನ್ನೇ ನೆನೆಯಿರಿ. ಬಣ್ಣದ ಪುಡಿಯನ್ನು ತುಂಬುತ್ತ ಹೋದರೆ ಅದು ಚುಕ್ಕೆಯ ಚಿತ್ರ. ಫೋಟೋ ಎಂಬುದು ಈ ಜಾತಿಯದು. ಅದನ್ನು ಹಿಗ್ಗಿಸಿದರೆ ಚುಕ್ಕೆಗಳು ಇಟ್ಟಿಗೆಗಳಾಗಿ ಕಾಣುತ್ತವೆ. ಗೆರೆಯ ಚಿತ್ರದಲ್ಲಾದರೋ ಗಣಕವು ಪುಡಿಯನ್ನು ಇಟ್ಟುಕೊಳ್ಳುವುದಿಲ್ಲ, ಲೆಕ್ಕವನ್ನು ಇಟ್ಟುಕೊಳ್ಳುತ್ತದೆ: ಇಲ್ಲಿಂದ ಹೊರಟು, ಇಷ್ಟು ಬಾಗಿ, ಅಲ್ಲಿ ಮುಟ್ಟಬೇಕು ಎಂದು. ಆದಕಾರಣ ಅಂಚೆಚೀಟಿಯಷ್ಟು ಮಾಡಿದರೂ ಗೋಡೆಯಷ್ಟು ಮಾಡಿದರೂ ಗೆರೆ ಕೆಡುವುದಿಲ್ಲ. ಲೆಕ್ಕದ ಗುಮಾಸ್ತನಿಗೆ ಈ ಬಗೆಯೇ ಹಿಡಿಸಿತೆಂದು ಬೇರೆ ಹೇಳಬೇಕಾಗಿಲ್ಲ.

ಈ ಬಾಗು ಗೆರೆಯ ಗಣಿತಕ್ಕೆ ಬೆಜಿಯೆ ವಕ್ರರೇಖೆ ಎಂದು ಹೆಸರು. ಪಿಯೆರ್ ಬೆಜಿಯೆ ಎಂಬುವರು ಫ್ರಾನ್ಸಿನ ರೆನೋ ಮೋಟಾರು ಕಂಪನಿಯ ಇಂಜಿನಿಯರು. 1960ರ ದಶಕದಲ್ಲಿ ಕಾರಿನ ಮೈಯ ಬಾಗುಗಳನ್ನು ಗಣಕಕ್ಕೆ ತಿಳಿಸಲೆಂದು ಇದನ್ನು ಬಳಕೆಗೆ ತಂದರು. ಹೀಗೆ ಕಾರಿಗಾಗಿ ಹುಟ್ಟಿದ ಗೆರೆ ಇಂದು ನಮ್ಮ ‘ಅ’ಕಾರದ ಹೊಟ್ಟೆಯನ್ನೂ ತಿದ್ದುತ್ತಿದೆ. ಇಂಥ ಗೆರೆಯ ಚಿತ್ರಗಳನ್ನು ಕಡತವಾಗಿ ಇಡಲು ಎಸ್‌ವಿಜಿ ಎಂಬ ಮುಕ್ತ ಕ್ರಮವು 2001ರಲ್ಲಿ ಗೊತ್ತಾಯಿತು. ಆ ಕ್ರಮದಲ್ಲಿ ಬರೆಯಲು ಇಂಕ್‌ಸ್ಕೇಪ್ ಎಂಬ ತಂತ್ರಾಂಶವು 2003ರಲ್ಲಿ ಹುಟ್ಟಿತು. ಇದಕ್ಕೆ ಒಂದು ಕಾಸನ್ನೂ ಕೊಡಬೇಕಾಗಿಲ್ಲ. ನಾನು ಬಳಸುವುದು ಇದನ್ನೇ. ಸಾಧನ ಬರಿಯ ಇಲಿ, ಅರ್ಥಾತ್ ಮೌಸ್.

ಬರೆಯುವ ಕ್ರಮವನ್ನು ಹೇಳುತ್ತೇನೆ, ಮಕ್ಕಳು ಗುರುತು ಮಾಡಿಕೊಳ್ಳಲಿ. ಮೊದಲು ವಸ್ತುವನ್ನು ಕಣ್ಣಾರೆ ನೋಡಬೇಕು, ಸಾಧ್ಯವಾದರೆ ಮುಟ್ಟಬೇಕು. ಹತ್ತಿರ ನಿಂತು ಫೋಟೋ ತೆಗೆದರೆ ಮುಂದಿನ ಭಾಗ ಉಬ್ಬಿ ಹಿಂದಿನದು ಕುಗ್ಗುತ್ತದೆ; ಆದುದರಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು, ಎದುರಿನಿಂದ ಒಂದು, ಪಕ್ಕದಿಂದ ಒಂದು, ಮೇಲಿನಿಂದ ಒಂದು ತೆಗೆಯಬೇಕು. ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನು ಇಡಲು ಮರೆಯಬಾರದು. ಬಳಿಕ ಆ ಫೋಟೋವನ್ನು ತಳದಲ್ಲಿಟ್ಟು ಮೇಲೆ ಪದರ ಪದರವಾಗಿ ಬರೆಯಬೇಕು: ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಕೀಲಿಗಳು, ಅದರ ಮೇಲೆ ಗಾಡಿ, ಎಲ್ಲಕ್ಕೂ ಮೇಲೆ ಅಕ್ಷರಗಳು. ಹೀಗೆ ಮಾಡಿದರೆ ನಾಳೆ ಅಕ್ಷರ ತಪ್ಪೆಂದಾಗ ಯಂತ್ರವನ್ನೇ ಒಡೆಯಬೇಕಾಗುವುದಿಲ್ಲ. ನನಗೆ ಈ ಉಪಾಯ ತಡವಾಗಿ ಹೊಳೆಯಿತು. ಮೂರನೆಯ ತಪ್ಪನ್ನು ತಿದ್ದಲು ಮೂರು ಭಾನುವಾರ ಬೇಕಾದವು.

ಫೋಟೋ ಇರುವಾಗ ಚಿತ್ರವೇಕೆ ಎಂದು ತಾವು ಕೇಳಬಹುದು. ಫೋಟೋ ಕಂಡದ್ದನ್ನು ತೋರಿಸುತ್ತದೆ. ಧೂಳನ್ನೂ ನೆರಳನ್ನೂ ಸೇರಿಸಿ ತೋರಿಸುತ್ತದೆ. ಚಿತ್ರವು ಕೆಲಸವನ್ನು ತೋರಿಸಬಲ್ಲದು. ಟ್ರೆಡಲ್ ಯಂತ್ರವನ್ನೇ ತೆಗೆದುಕೊಳ್ಳಿ. ಕಾಲಿನಿಂದ ತುಳಿದರೆ ದೊಡ್ಡ ಚಕ್ರ ಸುತ್ತುತ್ತದೆ. ಮೇಲಿನ ತಟ್ಟೆಯ ಮಸಿಯನ್ನು ಉರುಳೆಗಳು ಹೊತ್ತು ತಂದು ಮೊಳೆಗಳಿಗೆ ಸವರುತ್ತವೆ. ಒಂದು ಕೈ ಹೊಸ ಕಾಗದವನ್ನು ಇಡುತ್ತದೆ, ಇನ್ನೊಂದು ಅಚ್ಚಾದುದನ್ನು ಸೆಳೆಯುತ್ತದೆ. ಎರಡರ ನಡುವೆ ಕಬ್ಬಿಣದ ದವಡೆ ಮುಚ್ಚಿ ತೆರೆಯುತ್ತದೆ. ಫೋಟೋದಲ್ಲಿ ಇದೆಲ್ಲ ಒಂದು ಕರಿಯ ಗುಡ್ಡೆ. ಚಿತ್ರದಲ್ಲಿ ಉರುಳೆಗೊಂದು ಬಣ್ಣ, ದವಡೆಗೊಂದು ಬಣ್ಣ ಕೊಟ್ಟರೆ ಏಳು ವರ್ಷದ ಹುಡುಗಿಗೂ ತಿಳಿಯುತ್ತದೆ. ಮುಚ್ಚಿದ ಯಂತ್ರದ ಮುಚ್ಚಳವನ್ನು ಚಿತ್ರದಲ್ಲಿ ತೆಗೆದಿಡಬಹುದು, ಯಾರೂ ಬೈಯುವುದಿಲ್ಲ.

ಅಕ್ಷರಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್ ವ್ಯವಸ್ಥೆಯಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದೆ. ಚಿತ್ರದೊಳಗಿನ ಕನ್ನಡವನ್ನು ಆ ಕ್ರಮದಲ್ಲೇ ಬರೆಯಿರಿ. ಹಳೆಯ ಕ್ರಮದ ಅಕ್ಷರಗಳಲ್ಲಿ ಬರೆದರೆ ಇನ್ನೊಬ್ಬರ ಗಣಕದಲ್ಲಿ ಅದು ಅರ್ಥವಿಲ್ಲದ ಗೊಜ್ಜಾಗಿ ಕಾಣುತ್ತದೆ. ಮುದ್ರಣಕ್ಕೆ ಕಳಿಸುವ ಪ್ರತಿಯಲ್ಲಿ ಮಾತ್ರ ಅಕ್ಷರಗಳನ್ನು ಗೆರೆಗಳಾಗಿ ಪರಿವರ್ತಿಸಿ ಕೊಡಿ. ಆಗ ಒತ್ತು ದೀರ್ಘಗಳು ದಾರಿಯಲ್ಲಿ ಕಳೆದುಹೋಗುವುದಿಲ್ಲ. ತಿದ್ದಬಲ್ಲ ಮೂಲಪ್ರತಿಯನ್ನು ಬೇರೆಯಾಗಿ ಕಾಪಾಡಿಕೊಳ್ಳಿ. ಬಣ್ಣದ ಮಾತೂ ಹೀಗೆಯೇ. ಗಣಕದ ತೆರೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಹೊಳೆಯುತ್ತದೆ. ಅಚ್ಚಿನ ಯಂತ್ರವು ತಿಳಿನೀಲಿ, ನೇರಳೆಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಮಸಿಗಳಿಂದ ಕೆಲಸ ಮಾಡುತ್ತದೆ. ನಮ್ಮ ಧ್ವಜದ ಅರಿಸಿನ ಕುಂಕುಮಗಳು ಅಚ್ಚಿನಲ್ಲಿ ಅಷ್ಟಾಗಿ ಕೆಡವು. ಹೊಳೆಯುವ ನೀಲಿ, ಎಳೆಹಸಿರುಗಳು ಮಾತ್ರ ಮಂಕಾಗಿಬಿಡುತ್ತವೆ. ಮೊದಲು ಒಂದು ಹಾಳೆಯನ್ನು ಅಚ್ಚು ಹಾಕಿಸಿ ನೋಡಿ, ಆಮೇಲೆ ಇನ್ನೂರು ಹಾಕಿಸಿ.

ಇದೆಲ್ಲ ವಿದ್ಯೆ ಸರಿ. ಆದರೆ ಈ ಹಳೆಯ ಯಂತ್ರಗಳ ಚಿತ್ರದಿಂದ ನಮಗೇನು? ಸ್ವಲ್ಪ ಹಿಂದಕ್ಕೆ ಹೋಗೋಣ. ಕನ್ನಡದ ಮೊಳೆಗಳನ್ನು ಬಳಸಿ ಮುದ್ರಿಸಿದ ಹಳೆಯ ಪುಸ್ತಕಗಳಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಹೆಸರಾದದ್ದು. ಅದು ಅಚ್ಚಾದದ್ದು 1817ರಲ್ಲಿ, ದೂರದ ಬಂಗಾಳದ ಸೀರಾಂಪುರದಲ್ಲಿ. ನಮ್ಮ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ 1843ರ ಜುಲೈ 1ರಂದು ಹೊರಬಂದಾಗ ಅದು ಮೊಳೆಯಿಂದಲ್ಲ, ಕಲ್ಲಚ್ಚಿನಿಂದ ಅಚ್ಚಾಯಿತು. ಈ ಮುಂಬಯಿಯಾದರೋ ಅಚ್ಚಿನ ಮಹಾನಗರ. ಜಾವಜಿ ದಾದಾಜಿಯವರು 1869ರಲ್ಲಿ ಕಟ್ಟಿದ ನಿರ್ಣಯಸಾಗರ ಮುದ್ರಣಾಲಯದ ಸಂಸ್ಕೃತ ಗ್ರಂಥಗಳು ನಮ್ಮೂರ ಅಗ್ರಹಾರಗಳವರೆಗೆ ಬಂದಿದ್ದವು. ರಾಜಾ ರವಿವರ್ಮರು 1894ರಲ್ಲಿ ಇದೇ ಊರಿನಲ್ಲಿ ಕಲ್ಲಚ್ಚಿನ ಕಾರ್ಖಾನೆ ತೆರೆದು ಲಕ್ಷ್ಮೀ ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಂದರು. 1955ರಲ್ಲಿ ಭಾರತದ ಮೊದಲ ಸ್ವದೇಶಿ ಬೆರಳಚ್ಚು ಯಂತ್ರವನ್ನು ಗೋದ್ರೆಜ್ ಕಂಪನಿ ತಯಾರಿಸಿದ್ದೂ ಇದೇ ಊರಿನಲ್ಲಿ. 2009ರಲ್ಲಿ ಅದರ ತಯಾರಿಕೆ ನಿಂತಿತು.

ಈ ಯಂತ್ರಗಳ ಸುತ್ತಲೇ ಅಲ್ಲವೆ ನಮ್ಮವರು ಅನ್ನ ಕಂಡದ್ದು? ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಗೆ ಹೋದ ಹುಡುಗರ ಕಥೆ ಈ ಸಭೆಯಲ್ಲಿ ಅನೇಕರ ಸ್ವಂತ ಕಥೆಯೇ ಆಗಿರಬಹುದು. 1908ರಷ್ಟು ಹಿಂದೆಯೇ ಮೊಗವೀರ ಬಂಧುಗಳು ಮುಂಬಯಿಯಲ್ಲಿ ರಾತ್ರಿಶಾಲೆಯನ್ನು ತೆರೆದಿದ್ದರು. ರಾತ್ರಿಶಾಲೆ ಮುಗಿಸಿ ಟೈಪಿಂಗ್ ಕಲಿತವನಿಗೆ ಕಚೇರಿಯ ಬಾಗಿಲು ತೆರೆಯುತ್ತಿತ್ತು. ಆ ಯಂತ್ರಗಳು ಹೋದವು. ಅವುಗಳ ಮಾತು ಮಾತ್ರ ನಮಗರಿವಿಲ್ಲದೆ ಉಳಿದಿದೆ. ಇಮೇಲಿನ ‘ಸಿಸಿ’ ಎಂದರೆ ಕಾರ್ಬನ್ ಕಾಗದದ ಪ್ರತಿ. ‘ಅಪ್ಪರ್ ಕೇಸ್’, ‘ಲೋವರ್ ಕೇಸ್’ ಎಂದರೆ ಮೊಳೆ ಜೋಡಿಸುವವನ ಮುಂದಿದ್ದ ಮೇಲಿನ ಪೆಟ್ಟಿಗೆ, ಕೆಳಗಿನ ಪೆಟ್ಟಿಗೆ. ಕಡತವನ್ನು ಉಳಿಸಲು ಒತ್ತುವ ಗುಂಡಿಯ ಮೇಲೆ ಈಗಲೂ ಫ್ಲಾಪಿಯ ಚಿತ್ರವಿದೆ. ಫ್ಲಾಪಿಯನ್ನೇ ಕಾಣದ ಮಕ್ಕಳು ಅದನ್ನು ಒತ್ತುತ್ತಾರೆ. ವಸ್ತು ಸತ್ತಮೇಲೂ ಅದರ ಚಿತ್ರ ಬಾಳಬಲ್ಲದು. ಆದರೆ ಯಾರಾದರೂ ಬರೆದಿದ್ದರೆ ಮಾತ್ರ.

ಈ ಊರಿನ ಬ್ಯಾಂಕಿನವರಿಗೆ ಈ ಕೆಲಸದಲ್ಲಿ ಒಬ್ಬ ಹಿರಿಯರಿದ್ದಾರೆ. ಚಂದ್ರಕಾಂತ ಭಿಡೆ ಎಂಬ ಮರಾಠಿ ಬಂಧುಗಳು 1967ರಲ್ಲಿ ಯೂನಿಯನ್ ಬ್ಯಾಂಕನ್ನು ಸೇರಿದವರು. ಕಚೇರಿಯ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಟೈಪು ಮಾಡೆಂದಾಗ ಅದನ್ನು ದೂರವಾಣಿಯ ಆಕಾರದಲ್ಲೇ ಹೊಡೆದುಕೊಟ್ಟರು! ಅಲ್ಲಿಂದ ಮುಂದೆ ಬೆರಳಚ್ಚು ಯಂತ್ರದ ಅಕ್ಷರ, ಚಿಹ್ನೆಗಳಿಂದಲೇ ಗಣಪತಿಯನ್ನೂ ಗಣ್ಯರ ಮುಖಗಳನ್ನೂ ಬರೆದು ಹೆಸರಾದರು. 1996ರಲ್ಲಿ ನಿವೃತ್ತರಾದಾಗ ಬ್ಯಾಂಕು ಆ ಯಂತ್ರವನ್ನು ಅವರಿಗೆ ಒಂದು ರೂಪಾಯಿಗೆ ಕೊಟ್ಟಿತು. ಅವರು ಯಂತ್ರದಿಂದ ಚಿತ್ರ ಬರೆದರು. ನಾನು ಯಂತ್ರದ ಚಿತ್ರ ಬರೆಯುತ್ತೇನೆ. ಅವರಲ್ಲಿದ್ದ ಕಲೆ ನನ್ನಲ್ಲಿಲ್ಲ. ಆಸೆ ಮಾತ್ರ ಒಂದೇ.

ಇನ್ನು ನನ್ನ ಮನೆಯ ಮಾತು. ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನನ್ನ ತಂದೆ ಅಂಕೋಲೆಯ ಕಡೆಯವರು. ಹದಿನಾರನೆಯ ವಯಸ್ಸಿಗೆ ಮುಂಬಯಿಗೆ ಬಂದು ಗಿರಗಾಂವದ ಒಂದು ಸಣ್ಣ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸ ಕಲಿತರು. ಅಲ್ಲಿ ಮರಾಠಿ, ಗುಜರಾತಿ, ಇಂಗ್ಲಿಷ್ ಕೆಲಸವೇ ಹೆಚ್ಚು. ಮೂಲೆಯಲ್ಲಿ ಕನ್ನಡದ ಕೇಸುಗಳು. ನಮ್ಮವರ ಮದುವೆಯ ಕರೆಯೋಲೆ, ಸಂಘಗಳ ವರದಿ, ನಾಟಕದ ಹಸ್ತಪತ್ರಿಕೆಗಳಿಗಾಗಿ. ಆ ಮೂಲೆಯ ಒಡೆಯ ನನ್ನ ತಂದೆ. ಎಡಗೈಯಲ್ಲಿ ಸ್ಟಿಕ್, ಬಲಗೈ ಖಾನೆಯಿಂದ ಖಾನೆಗೆ. ಸಾಲನ್ನು ತಲೆಕೆಳಗಾಗಿ ಓದುತ್ತ ಜೋಡಿಸಬೇಕು. 1994ರಲ್ಲಿ ಮಾಲೀಕರು ಗಣಕವನ್ನೂ ಆಫ್‌ಸೆಟ್ ಯಂತ್ರವನ್ನೂ ತಂದರು. ಸೀಸದ ಮೊಳೆಗಳನ್ನು ತೂಕದ ಲೆಕ್ಕದಲ್ಲಿ ಮಾರಿದರು. ತಂದೆ ನೆಂಟರೊಬ್ಬರ ಉಪಾಹಾರ ಗೃಹದ ಗಲ್ಲೆಯ ಮೇಲೆ ಕುಳಿತರು. ಆಮೇಲೆ ಅಚ್ಚಿನ ಮನೆಯ ಮಾತನ್ನು ಮನೆಯಲ್ಲಿ ಎತ್ತಲಿಲ್ಲ. ನಾವೂ ಕೇಳಲಿಲ್ಲ. ಗಣಕದಿಂದ ಕೆಲಸ ಕಳೆದುಕೊಂಡವರ ಮಗ ನಾನು, ಅದೇ ಗಣಕದ ಮುಂದೆ ಕುಳಿತು ಬ್ಯಾಂಕಿನಲ್ಲಿ ಸಂಬಳ ಎಣಿಸುತ್ತೇನೆ.

ಕಳೆದ ವರ್ಷ ಮೂರು ತಪ್ಪುಗಳ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ತಂದೆ ನಕ್ಕರು. ಬಹಳ ದಿನಗಳ ಮೇಲೆ ನಕ್ಕದ್ದು. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಈಗ ಬಹುಮಟ್ಟಿಗೆ ಮಂಜು; ನನ್ನ ಚಿತ್ರಗಳನ್ನು ಅವರು ನೋಡಲಾರರು. “ನನ್ನನ್ನು ಯಾಕೆ ಕೇಳಲಿಲ್ಲ ತಮಾ?” ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಆಗ ಮನಸ್ಸಿಗೆ ಬಂತು: ಇಂಗ್ಲಿಷ್ ಕೇಸಿನಲ್ಲಿ ಯಾವ ಅಕ್ಷರ ಯಾವ ಖಾನೆಯಲ್ಲಿರುತ್ತದೆ ಎಂಬ ನಕ್ಷೆ ಬೇಕಾದಷ್ಟು ಸಿಗುತ್ತದೆ. ಕನ್ನಡದ್ದನ್ನು ನಾನೆಲ್ಲೂ ಕಾಣಲಿಲ್ಲ. ಅದು ನಮ್ಮ ಮನೆಯ ಮಂಚದ ಮೇಲೆಯೇ ಕುಳಿತಿತ್ತು. “ಅಪ್ಪಾ, ‘ಕ’ ಎಲ್ಲಿತ್ತು? ‘ತ’ದ ಒತ್ತು ಎಲ್ಲಿತ್ತು?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಾಯಲ್ಲಿ ಹೇಳಲು ಬರುವುದಿಲ್ಲ. ಕೈಗೆ ಗೊತ್ತು” ಎಂದರು.

ಪ್ಲೈವುಡ್ ಹಲಗೆಯ ಮೇಲೆ ತೆಂಗಿನ ಕಡ್ಡಿಗಳನ್ನು ಅಂಟಿಸಿ ಖಾನೆಗಳನ್ನು ಮಾಡಿದೆ. ಅಗಲ ಎರಡು ಮೊಳಕ್ಕೆ ತುಸು ಕಡಿಮೆ. ತಂದೆಯೇ ಮೊಳ ಹಾಕಿ ಹೇಳಿದ್ದು. ಒಂದು ಹಲಗೆ ಸಾಲಲಿಲ್ಲ, ಕನ್ನಡಕ್ಕೆ ಗುಣಿತ ಒತ್ತುಗಳೆಲ್ಲ ಸೇರಿ ಬಹಳ ಖಾನೆ ಬೇಕು. ಹಲಗೆಗಳನ್ನು ಓರೆಯಾಗಿ ನಿಲ್ಲಿಸಿ ತಂದೆಯನ್ನು ಎದುರಿಗೆ ನಿಲ್ಲಿಸಿದೆ. “ಏನು ಜೋಡಿಸಲಿ?” ಎಂದು ಕೇಳಿದರು. “ಮದುವೆಯ ಕಾಗದ” ಎಂದೆ. ತಮ್ಮ ಮದುವೆಯ ಕರೆಯೋಲೆಯನ್ನು ಅವರೇ ಜೋಡಿಸಿದ್ದರೆಂದು ತಾಯಿ ಹೇಳಿದ್ದುಂಟು. ಎಡಗೈಯಲ್ಲಿ ನನ್ನ ಮಗಳ ಅಳತೆಪಟ್ಟಿಯನ್ನು ಸ್ಟಿಕ್ಕಿನ ಹಾಗೆ ಹಿಡಿದರು. ಕಣ್ಣು ಮುಚ್ಚಿದರು. ಬಲಗೈ ಹೊರಟಿತು. “ಆಗಮನಾಭಿಲಾಷಿಗಳು” ಎಂಬಲ್ಲಿಗೆ ಬಂದಾಗ ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ. ಬೆರಳು ಮುಟ್ಟಿದ ಖಾನೆಯಲ್ಲಿ ಅಕ್ಷರವನ್ನು ಬರೆದ ಚೀಟಿಯನ್ನು ಮಗಳು ಹಾಕುತ್ತ ಹೋದಳು. ಹೆಚ್ಚು ಬೇಕಾಗುವ ಅಕ್ಷರಗಳು ಕೈಯ ಹತ್ತಿರದ ದೊಡ್ಡ ಖಾನೆಗಳಲ್ಲಿ, ಅಪರೂಪದವು ಮೇಲಿನ ಸಣ್ಣ ಖಾನೆಗಳಲ್ಲಿ ಬಂದು ಕುಳಿತವು. ಹನ್ನೊಂದು ಭಾನುವಾರ ಹೀಗೆ ನಡೆಯಿತು. ಮಗಳು ಈ ಹನ್ನೊಂದು ವಾರದಲ್ಲಿ ಕಾಗುಣಿತವನ್ನು ಕಲಿತಳು. ಅದನ್ನು ನಾನು ಎರಡು ವರ್ಷ ಕಲಿಸಿ ಸೋತಿದ್ದೆ.

ಆ ನಕ್ಷೆಯನ್ನು ಗಣಕದ ಮೇಲೆ ಗೆರೆಚಿತ್ರವಾಗಿ ಬರೆದು ತಂದಿದ್ದೇನೆ. ಈ ಗೋಡೆಯ ಮೇಲೆ ತಾವು ನೋಡುತ್ತಿರುವುದು ಅದೇ. ಮೊಳೆಯ ಎತ್ತರವನ್ನೂ ಅಳತೆಗೆ ತಕ್ಕಂತೆ, ಒಂದು ಅಂಗುಲದಲ್ಲಿ 0.918 ಎಂದು ಇಟ್ಟಿದ್ದೇನೆ. ಮುಖದ ಮೇಲಿನ ಅಕ್ಷರವನ್ನು ಈ ಸಲ ಕನ್ನಡಿಯಲ್ಲಿ ನೋಡಿಯೇ ಬರೆದಿದ್ದೇನೆ. ಬೆರಳಚ್ಚು ಯಂತ್ರದ ಸನ್ನೆ ಎಡಗಡೆಗೆ ಬಂದಿದೆ. ಅದರ ಕೀಲಿಗಳನ್ನು ಅದೇ ಹಿರಿಯರು ಪಕ್ಕದಲ್ಲಿ ಕುಳಿತು ತಿದ್ದಿಸಿದ್ದಾರೆ. ಈಗ ಅದರಲ್ಲಿ ಅಮ್ಮ, ಅಪ್ಪ ಇಬ್ಬರೂ ಸರಿಯಾಗಿ ಬರುತ್ತಾರೆ. ಈ ಚಿತ್ರಗಳನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು; ಹಣ ಕೊಡಬೇಕಾಗಿಲ್ಲ.

ಹಾಳೆ ಅಚ್ಚಾಗಿ ಬಂದ ದಿನ ತಂದೆಯ ಮುಂದೆ ಹಾಸಿದೆ. ಅಂಗೈಯನ್ನು ಅದರ ಮೇಲೆ ನಿಧಾನವಾಗಿ ಆಡಿಸಿದರು. ನುಣ್ಣನೆಯ ಕಾಗದ, ಕೈಗೆ ಏನು ಸಿಕ್ಕೀತು? ಯಾವ ಖಾನೆ ಎಲ್ಲಿದೆಯೆಂದು ನಾನು ಓದಿ ಹೇಳಿದೆ. ಕೇಳಿಸಿಕೊಂಡು, “ಖಾನೆ ಎಲ್ಲ ಸರಿ ಇದೆ ತಮಾ. ಮೊಳೆ ಮಾತ್ರ ಇಲ್ಲ” ಎಂದರು. ಚಿತ್ರವೆಂಬುದರ ಬೆಲೆ ಎಷ್ಟು, ಮಿತಿ ಎಷ್ಟು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಕೊನೆಯದಾಗಿ ಒಂದು ಬಿನ್ನಹ. ನಕ್ಷೆಯಲ್ಲಿ 17 ಖಾನೆಗಳು ಖಾಲಿ ಉಳಿದಿವೆ. ತಂದೆಯ ಬೆರಳು ಅಲ್ಲಿಗೆ ಹೋಗಿ ತಡೆದು ಹಿಂದೆ ಬರುತ್ತದೆ; ಮರೆತಿದೆ. ಊಹಿಸಿ ತುಂಬಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಬ್ಯಾಂಕಿನಲ್ಲಿ ಎಲ್ಲಿಗೆ ಸೇರಬೇಕೆಂದು ತಿಳಿಯದ ಮೊತ್ತವನ್ನು ಕಂಡಕಂಡವರ ಖಾತೆಗೆ ಹಾಕುವ ಹಾಗಿಲ್ಲ. ಸಸ್ಪೆನ್ಸ್ ಖಾತೆಯಲ್ಲಿ ಇಟ್ಟು, ಗುರುತು ಹಿಡಿಯುವವರು ಬರುವವರೆಗೆ ಕಾಯಬೇಕು. ಆ 17 ಖಾನೆಗಳನ್ನೂ ಹಾಗೆಯೇ ಬಿಳಿಯಾಗಿ ಬಿಟ್ಟಿದ್ದೇನೆ. ಬೇರೆ ಬೇರೆ ಮುದ್ರಣಾಲಯಗಳಲ್ಲಿ ಖಾನೆಗಳ ಕ್ರಮ ಸ್ವಲ್ಪ ಬೇರೆಯಾಗಿಯೂ ಇದ್ದಿರಬಹುದು, ಅದನ್ನೂ ಬರೆದಿಡೋಣ. ಈ ಸಭೆಯಲ್ಲಾಗಲಿ, ತಮ್ಮ ನೆರೆಹೊರೆಯಲ್ಲಾಗಲಿ, ಠಾಣೆ, ಮುಲುಂಡ, ಸಾಂತಾಕ್ರೂಜ್, ನವಿ ಮುಂಬಯಿ ಎಲ್ಲೇ ಆಗಲಿ, ಒಂದು ಕಾಲಕ್ಕೆ ಕನ್ನಡದ ಮೊಳೆ ಜೋಡಿಸಿದ ಕೈಗಳು ಇದ್ದರೆ ದಯವಿಟ್ಟು ನನಗೆ ತಿಳಿಸಿ. ಅವರ ಮನೆಗೆ ನಾನೇ ಹಲಗೆ ಹೊತ್ತು ಬರುತ್ತೇನೆ. ಕೇಳದೆ ಉಳಿದ ಪ್ರಶ್ನೆ ಒಂದು ಮನೆಯಲ್ಲಿ ಆದದ್ದು ಸಾಕು.

ಸಭೆ ಮುಗಿದು ಚಹಾ ಕುಡಿಯುವಾಗ ನಕ್ಷೆಯ ಪಕ್ಕದಲ್ಲೇ ನಿಂತಿರುತ್ತೇನೆ. ಪೆನ್ಸಿಲು ತಂದಿದ್ದೇನೆ.